ಗೀಷಾ ಕಥೆ ಬರೆದ ತಮ್ಮನಿಗೆ

ಪ್ರೀತಿಯ ತಮ್ಮ,

ನಿನ್ನ ಕಥೆಯನ್ನು ಎರಡು ಸಲ ಓದಿದೆ. ಜಪಾನಿನ ಕ್ಯೋಟೊ ನಗರದ ಹದಿನಾರರ ಹುಡುಗಿ, ಬಿಳಿ ಬಳಿದ ಮುಖ, ಆ ಬಿಳುಪಿನ ಹಿಂದೆ ಯಾರಿಗೂ ಕಾಣದ ಕಣ್ಣೀರು. ಭಾಷೆ ನಿನಗೆ ಒಲಿದಿದೆ. ಆದರೆ ಹನ್ನೆರಡು ಪುಟಗಳಲ್ಲಿ ಆ ಹುಡುಗಿ ಒಂದೇ ಒಂದು ಕೆಲಸ ಮಾಡುವುದಿಲ್ಲ. ಅಳುತ್ತಾಳೆ, ಕಿಟಕಿಯಾಚೆ ನೋಡುತ್ತಾಳೆ, ಮತ್ತೆ ಅಳುತ್ತಾಳೆ. ಅವಳ ಕಸುಬೇನೆಂದು ನೀನು ವಿಚಾರಿಸಿದಂತಿಲ್ಲ, ಅದೇ ನನ್ನ ದೂರು.

ಮೊದಲು ಹೆಸರು ಸರಿಮಾಡಿಕೊ. ‘ಗೇ’ ಎಂದರೆ ಕಲೆ, ‘ಷಾ’ ಎಂದರೆ ವ್ಯಕ್ತಿ. ಮೊಟ್ಟಮೊದಲು ಗೀಷಾ ಎನಿಸಿಕೊಂಡವರು ಹಾಡಿ ನಗಿಸಿ ಕೂಟಗಳನ್ನು ರಂಜಿಸುತ್ತಿದ್ದ ಗಂಡಸರು. ಹೆಂಗಸರು ಬಂದದ್ದು 18ನೇ ಶತಮಾನದ ಮಧ್ಯದ ಹೊತ್ತಿಗೆ. ಕ್ಯೋಟೊದಲ್ಲಿ ಅವರನ್ನು ಗೇಕೊ ಎನ್ನುತ್ತಾರೆ, ಇನ್ನೂ ಕಲಿಯುತ್ತಿರುವವಳು ಮೈಕೊ. ನಿನ್ನ ನಾಯಕಿ ಮೈಕೊ. ಹಾಗಾಗಿ ಮೂರನೆಯ ಪುಟದಲ್ಲಿ ಅವಳು ವಿಗ್ ಕಳಚಿಡುವುದು ತಪ್ಪು. ಅದನ್ನು ತೊಡುವವಳು ಗೇಕೊ. ಐದನೆಯ ಪುಟದಲ್ಲಿ ಅವಳ ಓಬಿಯ, ಅಂದರೆ ಕಿಮೊನೊದ ನಡುಪಟ್ಟಿಯ, ಗಂಟನ್ನು ಹೊಟ್ಟೆಯ ಮೇಲೆ ಹಾಕಿಸಿದ್ದೀಯ. ಹಾಗೆ ಮುಂದೆ ಗಂಟು ಹಾಕುತ್ತಿದ್ದವರು ಓಯಿರಾನ್, ಇಂದಿನ ಟೋಕಿಯೊದ ಯೋಶಿವಾರದಂಥ ಕೇರಿಗಳ ಗಣಿಕೆಯರು. ಅದೇ ಯೋಶಿವಾರದಲ್ಲಿ 1779ರಲ್ಲಿ ಗೀಷಾಗಳಿಗೆಂದೇ ನೋಂದಣಿ ಕಚೇರಿ ತೆರೆದು, ಗಣಿಕೆಯರ ಗಿರಾಕಿಗಳನ್ನು ಸೆಳೆಯಬಾರದೆಂದು ಕಟ್ಟುಪಾಡು ವಿಧಿಸಿದ್ದರು. ನೀನು ಒಂದು ಗಂಟನ್ನು ಹಿಂದಿನಿಂದ ಮುಂದಕ್ಕೆ ತಂದು ಆ ಗೆರೆಯನ್ನೇ ಅಳಿಸಿಬಿಟ್ಟೆ.

ಈಗ ಅವಳ ಕೂದಲಿನ ಬಳಿ ಸ್ವಲ್ಪ ಹೊತ್ತು ಕೂರು. ಮೈಕೊ ತನ್ನ ಸ್ವಂತ ಕೂದಲಿಗೆ ಮೇಣ ಹಚ್ಚಿಸಿ, ಎಳೆಸಿ, ವಾರಕ್ಕೊಮ್ಮೆ ಮುಡಿ ಕಟ್ಟಿಸಿಕೊಳ್ಳುತ್ತಾಳೆ. ಆ ವಾರವಿಡೀ ಮುಡಿ ಕೆಡಬಾರದು. ಅದಕ್ಕಾಗಿ ತಲೆಯನ್ನು ಹಾಸಿಗೆಗೆ ತಾಗಿಸದೆ, ಕತ್ತಿನ ಕೆಳಗೆ ‘ತಕಮಕುರ’ ಎಂಬ ಎತ್ತರದ ದಿಂಬಿಟ್ಟು ಮಲಗುತ್ತಾಳೆ. ವರ್ಷಗಟ್ಟಲೆ ಬಿಗಿದು ಕಟ್ಟಿದ ನೆತ್ತಿಯಲ್ಲಿ ಒಂದಿಷ್ಟು ಜಾಗ ಬೋಳಾಗುವುದೂ ಉಂಟು. ನಿನ್ನ ಎಲ್ಲ ಕಣ್ಣೀರಿಗಿಂತ ಆ ಬೋಳು ಜಾಗದಲ್ಲಿ ಹೆಚ್ಚು ಕಥೆಯಿದೆ ತಮ್ಮ. ಮುಡಿಗೆ ಸಿಕ್ಕಿಸುವ ರೇಷ್ಮೆ ಹೂವು ತಿಂಗಳಿಗೊಂದು: ಫೆಬ್ರವರಿಗೆ ಪ್ಲಮ್, ಏಪ್ರಿಲ್‌ಗೆ ಚೆರಿ, ನವೆಂಬರ್‌ಗೆ ಕೆಂಪೇರಿದ ಮೇಪಲ್ ಎಲೆ. ಮೊದಲ ವರ್ಷದ ಮೈಕೊ ಕೆಳದುಟಿಗೆ ಮಾತ್ರ ಕೆಂಪು ಹಚ್ಚುತ್ತಾಳೆ. ‘ಆಗ ವಸಂತಕಾಲ, ಅವಳಿನ್ನೂ ಹೊಸಬಳು’ ಎಂದು ನೀನು ಬರೆದ ಸಾಲನ್ನು ಹೊಡೆದುಹಾಕು. ಒಂದು ಚೆರಿ ಹೂವು, ಒಂದು ಕೆಂಪು ತುಟಿ ಸಾಕು.

ಇಪ್ಪತ್ತರ ಆಸುಪಾಸಿನಲ್ಲಿ ಕೆಂಪು ಕೊರಳಪಟ್ಟಿ ಹೋಗಿ ಬಿಳಿಯದು ಬರುತ್ತದೆ, ಆಗ ಅವಳು ಗೇಕೊ. ಅಲ್ಲಿಯವರೆಗೆ ಅವಳಿರುವ ಮನೆ ಒಕಿಯಾ. ಮನೆಯೊಡತಿಯನ್ನು ‘ಅಮ್ಮ’ ಎನ್ನಬೇಕು. ಹಿರಿಯ ಗೇಕೊ ಒಬ್ಬಳೊಂದಿಗೆ ‘ಸಾಕೆ’ ಎಂಬ ಅಕ್ಕಿ ಮದ್ಯದ ಬಟ್ಟಲು ಹಂಚಿಕೊಂಡು ಅವಳನ್ನು ‘ಅಕ್ಕ’ ಎಂದು ಒಪ್ಪಿಕೊಳ್ಳುತ್ತಾಳೆ, ಅಕ್ಕನ ಹೆಸರಿನ ಒಂದು ಅಕ್ಷರವನ್ನು ತನ್ನ ಹೊಸ ಹೆಸರಿಗೆ ಪಡೆಯುತ್ತಾಳೆ. ಊಟ, ಕಿಮೊನೊ, ನೃತ್ಯ ಮತ್ತು ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯದ ಪಾಠದ ವೆಚ್ಚ ಎಲ್ಲವೂ ಒಕಿಯಾದ್ದು. ಮೈಕೊಗೆ ಸಂಬಳವಿಲ್ಲ, ಕೈಖರ್ಚಿನ ಕಾಸು ಮಾತ್ರ. ಅಕ್ಕರೆಯೂ ಸಾಲವೂ ಒಂದೇ ಸೂರಿನಡಿ ಇರುವ ಆ ಮನೆಯನ್ನು ನೀನು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ.

ಕಸುಬನ್ನು ನೋಡು ಎಂದರೆ ನೋವನ್ನು ಮುಚ್ಚಿಡು ಎಂದು ಹೇಳಿದಂತಲ್ಲ. ಹಿಂದೆ ಬಡ ತಂದೆತಾಯಿಗಳು ಮುಂಗಡ ಹಣ ಪಡೆದು ಹೆಣ್ಣುಮಕ್ಕಳನ್ನು ಈ ಮನೆಗಳಿಗೆ ಒಪ್ಪಿಸುತ್ತಿದ್ದರು. 2022ರಲ್ಲೂ ಮಾಜಿ ಮೈಕೊ ಒಬ್ಬರು, ಕುಡಿಯುವ ವಯಸ್ಸಾಗುವ ಮೊದಲೇ ತನಗೆ ಮದ್ಯ ಕುಡಿಸಿದ್ದರೆಂದು ಸಾಮಾಜಿಕ ಜಾಲತಾಣದಲ್ಲಿ ಬರೆದರು. ಅದನ್ನೂ ಬರೆ, ಧೈರ್ಯವಾಗಿ ಬರೆ. ‘ನಮ್ಮ ದೇವದಾಸಿಯರಂತೆಯೇ’ ಎಂಬ ಸಾಲನ್ನು ಮಾತ್ರ ತೆಗೆ. ಗೀಷಾಳನ್ನು ಯಾವ ದೇವರಿಗೂ ಮುಡಿಪಾಗಿ ಬಿಡುವುದಿಲ್ಲ. ಮದುವೆಯಾಗಬೇಕೆಂದರೆ ಕಸುಬು ಬಿಟ್ಟು ಹೊರಡುತ್ತಾಳೆ. ಅವಸರದ ಹೋಲಿಕೆಯಿಂದ ಎರಡೂ ಕಡೆಯ ಹೆಣ್ಣುಮಕ್ಕಳಿಗೆ ಅನ್ಯಾಯವಾಗುತ್ತದೆ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಕ್ಯೋಟೊದ ಗೀಷಾ ಕೇರಿ ಗಿಯೋನ್‌ನ ಹೆಸರಾಂತ ಗೇಕೊ ಮಿನೆಕೊ ಇವಾಸಾಕಿ 2001ರಲ್ಲಿ ಅಮೆರಿಕದ ಕಾದಂಬರಿಕಾರರೊಬ್ಬರ ಮೇಲೆ ಮೊಕದ್ದಮೆ ಹೂಡಿದರು. ತನ್ನ ಹೆಸರು ಗುಟ್ಟಾಗಿಡುವುದಾಗಿ ಹೇಳಿ ಬಹಿರಂಗಪಡಿಸಿದರು, ತನ್ನ ಬದುಕನ್ನು ತಿರುಚಿದರು ಎಂಬುದು ಅವರ ಆರೋಪ. 2003ರಲ್ಲಿ ರಾಜಿಯಾಯಿತು. ಅಷ್ಟರಲ್ಲಿ ಅವರು ತಮ್ಮ ಕಥೆಯನ್ನು ತಾವೇ ಹೇಳಿ ಪುಸ್ತಕ ತಂದಿದ್ದರು. ಮೊಬೈಲ್ ಹಿಡಿದು ಮೈಕೊಗಳ ಬೆನ್ನುಹತ್ತುವ ಪ್ರವಾಸಿಗರ ಕಾಟ ತಾಳಲಾರದೆ 2024ರಲ್ಲಿ ಗಿಯೋನ್‌ನ ಖಾಸಗಿ ಓಣಿಗಳಿಗೆ ಪ್ರವೇಶ ನಿಷೇಧಿಸಿ, ಮೀರಿದವರಿಗೆ 10,000 ಯೆನ್ ದಂಡ ಎಂದು ಫಲಕ ಹಾಕಿದರು. ನಿನ್ನ ಕಥೆ ಯಾವ ಕಡೆಯಿಂದ ಆ ಓಣಿಗೆ ನುಗ್ಗುತ್ತಿದೆ ಎಂದು ನೋಡಿಕೊ.

ಹಿಂದೆಲ್ಲ ಗೀಷಾಳ ಕೂಲಿಯನ್ನು ಉರಿದುಹೋದ ಊದುಬತ್ತಿಗಳ ಲೆಕ್ಕದಲ್ಲಿ ಕೊಡುತ್ತಿದ್ದರು. ಒಂದು ಬತ್ತಿ ಹಚ್ಚಿ ಎದುರಿಗಿಟ್ಟುಕೊ. ಅದು ಆರುವವರೆಗೆ ನಿನ್ನ ಹುಡುಗಿಗೆ ಶಾಮಿಸೆನ್ ಪಾಠ ನಡೆಯಲಿ, ಅಳು ಬೇಡ. ಆ ಪುಟಗಳನ್ನು ಮೊದಲು ನನಗೆ ಕಳಿಸು.

ಇಂತು,
ನಿನ್ನ ಅಣ್ಣ