‘ಸ್ವಂತ ಕೋರಿಕೆ’ಯ ಮೇಲೆ ಇಳಿದ ನಾವಿಕ

ಮಾನ್ಯರೇ,

ಹಡಗಿನ ಕೆಲಸ ಕೊಡಿಸುವುದಾಗಿ ಹಣ ಕಿತ್ತು ಮಾಯವಾದವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಕೆಲಸ ನಿಜವಾಗಿಯೂ ಸಿಕ್ಕಿ, ಹಡಗಿನಲ್ಲಿ ಕಾಯಿಲೆ ಬಿದ್ದು ಮರಳಿದವರ ಸಂಗತಿ ಮಾತ್ರ ಅವರವರ ಮನೆಯ ಜಗಲಿ ದಾಟುವುದಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಮನೆಯ ಹುಡುಗರನ್ನು ವಿದೇಶಿ ಹಡಗಿಗೆ ಕಳುಹಿಸಿರುವವರಿಗೆ ಉಪಯೋಗವಾದೀತೆಂದು ನನ್ನ ತಮ್ಮನ ವಿಷಯದಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ.

ಅವನು ಸರಕು ಹಡಗೊಂದರ ಎಂಜಿನ್ ರೂಮಿನಲ್ಲಿ ಯಂತ್ರಗಳಿಗೆ ಎಣ್ಣೆ ಹಾಕಿ ನೋಡಿಕೊಳ್ಳುವ ಆಯಿಲರ್ ಆಗಿದ್ದ. ಐದನೇ ತಿಂಗಳಿಗೆ ಏಣಿ ಹತ್ತುವಾಗ ಉಸಿರು ಕಟ್ಟುವುದು, ಎದೆ ಹಿಡಿದಂತಾಗುವುದು ಶುರುವಾಯಿತು. ಇಪ್ಪತ್ತು ಚಿಲ್ಲರೆ ಜನರಿರುವ ಇಂಥ ಹಡಗುಗಳಲ್ಲಿ ವೈದ್ಯರಿರುವುದಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಹೊತ್ತು ಮೂರು ದಿನಕ್ಕಿಂತ ದೀರ್ಘವಾದ ಅಂತರರಾಷ್ಟ್ರೀಯ ಯಾನ ಮಾಡುವ ಹಡಗಿಗೆ ಮಾತ್ರ ವೈದ್ಯರು ಕಡ್ಡಾಯ. ಔಷಧದ ಕಪಾಟು ನೋಡಿಕೊಳ್ಳುತ್ತಿದ್ದ ಸೆಕೆಂಡ್ ಆಫೀಸರ್ ಗ್ಯಾಸಿನ ಗುಳಿಗೆ ಕೊಟ್ಟರು. ಹೆಚ್ಚು ಹೇಳಿಕೊಂಡರೆ ಮುಂದಿನ ಬಾರಿ ಕಂಪನಿ ಕರೆಯುವುದಿಲ್ಲವೆಂಬ ಅಂಜಿಕೆಯಿಂದ ಇವನೂ ಸುಮ್ಮನಿದ್ದ. ಒಂದೂವರೆ ತಿಂಗಳು ಹೀಗೆಯೇ ದೂಡಿದ ಮೇಲೆ, ಇನ್ನು ಆಗುವುದಿಲ್ಲವೆಂದಾಗ ಒಂದು ಬಂದರಿನಲ್ಲಿ ಅವನನ್ನು ಇಳಿಸಿದರು. ಕೆಳಗೆ ಏಜೆಂಟರ ಕಾರು ಕಾಯುತ್ತಿತ್ತು. ಹೆಗಲಿಗೆ ಚೀಲ ಏರಿಸಿಕೊಂಡವನ ಮುಂದೆ ಇಂಗ್ಲಿಷಿನ ನಮೂನೆಯೊಂದನ್ನು ಹಿಡಿದರು, ಇವನು ಸಹಿ ಹಾಕಿದ. ಸೈನ್ ಆಫ್ ಮಾಡಲು, ಅಂದರೆ ಕೆಲಸ ಬಿಟ್ಟು ಹಡಗಿನಿಂದ ಇಳಿಯಲು, ಕಾರಣವೇನು ಎಂಬ ಸಾಲಿನಲ್ಲಿ ‘ಸ್ವಂತ ಕೋರಿಕೆ’ ಎಂಬರ್ಥದ ಎರಡು ಶಬ್ದಗಳು ಮೊದಲೇ ಟೈಪ್ ಆಗಿದ್ದವು. ಅನಾರೋಗ್ಯದ ಮಾತೇ ಅದರಲ್ಲಿರಲಿಲ್ಲ.

ಊರಿಗೆ ಬಂದವನು ಹತ್ತು ದಿನ ಮನೆಯಲ್ಲೇ ಮಲಗಿದ್ದ. ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟಳು. ಗ್ಯಾಸ್ ಎಂದು ನಾವೂ ನಂಬಿದ್ದೆವು. ಕೊನೆಗೆ ಆಸ್ಪತ್ರೆಗೆ ಒಯ್ದಾಗ ಹೃದಯದ ಎರಡು ರಕ್ತನಾಳಗಳು ಕಟ್ಟಿಕೊಂಡಿರುವುದು ಗೊತ್ತಾಗಿ ಸ್ಟೆಂಟ್ ಹಾಕಬೇಕಾಯಿತು. ಎಂಜಿನ್ ರೂಮಿನ ಕೆಲಸ ಇನ್ನು ಸಾಧ್ಯವಿಲ್ಲವೆಂದು ವೈದ್ಯರು ಬರೆದುಕೊಟ್ಟರು. ಪರಿಹಾರ ಕೇಳಿದಾಗ, ಅವನನ್ನು ಹಡಗಿಗೆ ಕಳುಹಿಸಿದ್ದ ಮುಂಬಯಿಯ ಏಜೆನ್ಸಿಯಿಂದ ಬಂದ ಉತ್ತರದಲ್ಲಿ ಎರಡೇ ಅಂಶಗಳಿದ್ದವು: ಅವನು ತಾನಾಗಿಯೇ ಇಳಿದು ಹೋಗಿದ್ದಾನೆ, ಕಾಯಿಲೆ ಮೊದಲಿನಿಂದಲೂ ಇದ್ದದ್ದು. ಏಳು ತಿಂಗಳ ಹಿಂದೆ ಅವರೇ ಕಳುಹಿಸಿದ ವೈದ್ಯರು ಇದೇ ಹೃದಯವನ್ನು ಪರೀಕ್ಷಿಸಿ ‘ಫಿಟ್’ ಎಂದು ಮುದ್ರೆ ಒತ್ತಿದ್ದರು.

ಆಮೇಲೆ ನಾನು ನಿಯಮಗಳನ್ನು ಓದಲು ಕುಳಿತೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ಸಾಗರ ಕಾರ್ಮಿಕ ಒಡಂಬಡಿಕೆಯನ್ನು ಭಾರತ 2015ರಲ್ಲಿ ಅನುಮೋದಿಸಿದೆ. ಅದರ ಪ್ರಕಾರ, ಕೆಲಸಕ್ಕೆ ಸೇರಿದ ದಿನದಿಂದ ಊರಿಗೆ ಮರಳಿಸುವ ದಿನದವರೆಗೆ ಬಂದ ಕಾಯಿಲೆಯ ಚಿಕಿತ್ಸಾ ವೆಚ್ಚ ಹಡಗಿನ ಮಾಲೀಕರದ್ದು. ಇದಕ್ಕೆ ಕಾಯಿಲೆ ಕೆಲಸದಿಂದಲೇ ಬಂದದ್ದೆಂದು ಸಾಧಿಸಬೇಕಾಗಿಲ್ಲ; ಆ ಅವಧಿಯಲ್ಲಿ ಬಂದಿದ್ದರೆ ಸಾಕು. ಈ ಹೊಣೆಗೆ ಆಯಾ ದೇಶದ ಕಾನೂನು ಮಿತಿ ಹಾಕಬಹುದಾದರೂ ಅದನ್ನು 16 ವಾರಗಳಿಗಿಂತ ಕೆಳಗೆ ಇಳಿಸುವಂತಿಲ್ಲ. ಹಡಗು ಹತ್ತುವಾಗ ಕಾಯಿಲೆಯನ್ನು ಬೇಕೆಂದೇ ಮುಚ್ಚಿಟ್ಟಿದ್ದರೆ ಮಾಲೀಕರು ಹೊಣೆಯಿಂದ ಪಾರಾಗಬಹುದು. ಒಳಗಿದ್ದ ಕಾಯಿಲೆ ತನಗೇ ತಿಳಿಯದಿರುವುದು ಬೇರೆ, ತಿಳಿದೂ ಮುಚ್ಚಿಡುವುದು ಬೇರೆ. ಏಜೆನ್ಸಿಯ ಪತ್ರ ಈ ಎರಡನ್ನೂ ಒಂದೇ ಮಾಡಿಬಿಟ್ಟಿತ್ತು.

ದೀರ್ಘಕಾಲದ ಅಂಗವೈಕಲ್ಯದ ಪರಿಹಾರದ ಲೆಕ್ಕ ಬೇರೆ. ಅದಕ್ಕೆ ಕೆಲಸದ ಸಂಬಂಧವನ್ನು ತೋರಿಸಬೇಕು, ಮೊತ್ತ ಎಷ್ಟೆಂಬುದು ಕರಾರು ಮತ್ತು ಕಾನೂನನ್ನು ಅವಲಂಬಿಸಿದೆ. ಕಾಲು ಮುರಿದರೆ ನೋಡಿದವರಿರುತ್ತಾರೆ, ಹಡಗಿನ ದಾಖಲೆ ಪುಸ್ತಕದಲ್ಲಿ ನಮೂದಾಗುತ್ತದೆ. ರಕ್ತನಾಳ ಕಟ್ಟಿಕೊಳ್ಳುವುದನ್ನು ಯಾರು ಕಂಡಾರು? ಅದೇ ಒಡಂಬಡಿಕೆಗೆ ಮಾಡಿದ, 2017ರ ಜನವರಿಯಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ, ಇಂಥ ಪರಿಹಾರಕ್ಕೆ ಮಾಲೀಕರು ಹಣಕಾಸಿನ ಭದ್ರತೆ ಇಟ್ಟು, ಅದರ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಕರಾರಿನಲ್ಲಿರುವುದಕ್ಕಿಂತ ಕಡಿಮೆ ಹಣಕ್ಕೆ ಒಪ್ಪುವಂತೆ ನಾವಿಕನ ಮೇಲೆ ಒತ್ತಡ ತರುವಂತಿಲ್ಲ. ವೈಕಲ್ಯ ಎಷ್ಟೆಂದು ನಿರ್ಧರಿಸಲು ತಡವಾದರೆ, ಕಷ್ಟಕ್ಕೆ ಸಿಲುಕದಂತೆ ಮಧ್ಯಂತರ ಹಣವನ್ನೂ ಕೊಡಬೇಕು. ಆ ಪ್ರಮಾಣಪತ್ರವನ್ನು ನನ್ನ ತಮ್ಮ ಹಡಗಿನ ಮೆಸ್ಸಿನ ಹೊರಗೆ ದಿನವೂ ನೋಡುತ್ತಿದ್ದನಂತೆ, ಓದಿರಲಿಲ್ಲ.

ಫಿಲಿಪ್ಪೀನ್ಸ್ ನಾವಿಕರ ಮಾದರಿ ಕರಾರಿನಲ್ಲಿ, ಮರಳಿದ ಮೂರು ಕೆಲಸದ ದಿನಗಳೊಳಗೆ ಕಂಪನಿಯ ವೈದ್ಯರ ಮುಂದೆ ಹಾಜರಾಗಬೇಕೆಂಬ ಕಟ್ಟುನಿಟ್ಟಿನ ಷರತ್ತಿದೆ. ಅವರ ಅಭಿಪ್ರಾಯವನ್ನು ನಾವಿಕನ ವೈದ್ಯರು ಒಪ್ಪದಿದ್ದರೆ, ಕಂಪನಿಯೂ ನಾವಿಕನೂ ಒಪ್ಪಿ ಆರಿಸಿದ ಮೂರನೆಯ ವೈದ್ಯರ ಮಾತೇ ಅಂತಿಮ. ಮೂರು ದಿನದ ಷರತ್ತು ಕಠಿಣವೇ, ಆದರೆ ಎಲ್ಲಿಗೆ ಯಾವಾಗ ಹೋಗಬೇಕೆಂಬುದು ಅಲ್ಲಿನ ನಾವಿಕನಿಗೆ ಮೊದಲೇ ತಿಳಿದಿರುತ್ತದೆ. ನಮ್ಮ ಹತ್ತು ದಿನಗಳು ಕಷಾಯದಲ್ಲಿ ಹೋದವು.

ನಮ್ಮನ್ನು ಸ್ವಲ್ಪ ಮಟ್ಟಿಗೆ ಉಳಿಸಿದ್ದು ವಾಟ್ಸ್ಆ್ಯಪ್. ‘ಇವತ್ತೂ ಎದೆ ಉರಿ, ಇದೇ ಗುಳಿಗೆ ಕೊಟ್ಟರು’ ಎಂದು ಅವನು ಹಡಗಿನಿಂದ ಹೆಂಡತಿಗೆ ಕಳುಹಿಸಿದ್ದ ಸಂದೇಶಗಳೂ ಗುಳಿಗೆಯ ಪಟ್ಟಿಯ ಫೋಟೊಗಳೂ ತಾರೀಖಿನ ಸಮೇತ ಅವಳ ಫೋನಿನಲ್ಲಿದ್ದವು. ಅವುಗಳನ್ನು ಮುಂದಿಟ್ಟ ಮೇಲೆ ಕಂಪನಿ ಚಿಕಿತ್ಸೆಯ ಖರ್ಚು ಕೊಟ್ಟಿತು. ವೈಕಲ್ಯದ ಪರಿಹಾರ ಇನ್ನೂ ತೀರ್ಮಾನವಾಗಿಲ್ಲ.

ನಮ್ಮ ಭಾಗದ ನಾವಿಕರು ಇಂಥ ದೂರು ಹಿಡಿದು ನಾವಿಕರ ವಿಷಯ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯಾದ ಮುಂಬಯಿಯ ಶಿಪ್ಪಿಂಗ್ ಮಾಸ್ಟರ್ ಅವರ ಕಚೇರಿಗೆ ಹೋಗಬೇಕು. ಸ್ಟೆಂಟ್ ಹಾಕಿಸಿಕೊಂಡವನನ್ನು ಮತ್ಸ್ಯಗಂಧಾ ರೈಲಿನಲ್ಲಿ ಮೂರು ಸಲ ಕರೆದೊಯ್ದು ತಂದಿದ್ದೇನೆ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಅಂಗವಿಕಲರಿಗೆ ಉಚಿತ ನೆರವು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯೇ ಹೇಳುತ್ತದೆ. ಪ್ರಾಧಿಕಾರವು ಬಂದರು ಇಲಾಖೆಯ ಜೊತೆಗೂಡಿ ತಿಂಗಳಿಗೆ ಎರಡು ದಿನವಾದರೂ ನಾವಿಕರ ಕರಾರು ಮತ್ತು ಸೈನ್ ಆಫ್ ಕಾಗದಗಳನ್ನು ಕನ್ನಡ, ಕೊಂಕಣಿಗಳಲ್ಲಿ ವಿವರಿಸಿ, ದೂರು ಬರೆದುಕೊಡುವ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ.

ಬರುವ ತಿಂಗಳು ನಮ್ಮ ಕೇರಿಯಿಂದ ಇಬ್ಬರು ಹುಡುಗರು ಹಡಗು ಹತ್ತುವವರಿದ್ದಾರೆ. ಸದ್ಯಕ್ಕೆ ಅವರ ಕರಾರಿನ ಪುಟಗಳನ್ನು ಸಂಜೆ ಹೊತ್ತು ನಾನೇ ಓದಿ ಹೇಳುತ್ತಿದ್ದೇನೆ. ನಾನು ನಿವೃತ್ತ ಅಂಚೆ ನೌಕರ, ವಕೀಲನಲ್ಲ.

– ನಾವಿಕನೊಬ್ಬನ ಅಣ್ಣ, ಸದಾಶಿವಗಡ, ಕಾರವಾರ