ನಿವೃತ್ತರ ಪಟ್ಟಿಯ ಅಡ್ಮಿರಲ್

ಪ್ರೀತಿಯ ಕಿಟ್ಟು,

ನಿನ್ನ ಅಮ್ಮ ಎಲ್ಲ ಹೇಳಿದಳು. ಮೇಲಿನವರ ಜೊತೆ ಹೊಂದಿಕೆಯಾಗದೆ ಕೆಲಸ ಬಿಟ್ಟು ಎಂಟು ತಿಂಗಳಾಯಿತು. ಈಗ ಅದೇ ಕೆಲಸಕ್ಕೆ ಬೇರೆ ಕಡೆಯಿಂದ ಕರೆ ಬಂದಿದೆ, ಆದರೆ ಕಾಂಟ್ರ್ಯಾಕ್ಟ್ ಮೇಲೆ. ಹಳೆಯ ಹುದ್ದೆಯ ಹೆಸರಿಲ್ಲ ಅಂತ ನಿನಗೆ ಮನಸ್ಸಿಲ್ಲವಂತೆ. ಪತ್ರ ಓದಿದ ಮೇಲೆ ತೀರ್ಮಾನ ಮಾಡು.

ಬ್ರಿಟಿಷ್ ನೌಕಾಪಡೆಯಲ್ಲಿ ಬರ್ಟ್ರಾಮ್ ರಾಮ್ಸೆ ಅಂತ ಒಬ್ಬನಿದ್ದ. 1898ರಲ್ಲಿ ಸೇರಿದಾಗ ಇನ್ನೂ ಹದಿನೈದರ ಹುಡುಗ. ಮೊದಲ ಮಹಾಯುದ್ಧದಲ್ಲಿ ದೊಡ್ಡ ಹಡಗುಗಳೆಲ್ಲ ಉತ್ತರದಲ್ಲಿದ್ದವು. ಇವನ ಪಾಲಿಗೆ ಬಂದದ್ದು ಇಂಗ್ಲೆಂಡ್, ಫ್ರಾನ್ಸ್ ನಡುವಿನ ಡೋವರ್ ಜಲಸಂಧಿಯ ಗಸ್ತು. ಮೊದಲು ಎಂ 25 ಅನ್ನುವ ಸಣ್ಣ ಹಡಗು, 1917ರಲ್ಲಿ ಬ್ರೋಕ್ ಅನ್ನುವ ಡಿಸ್ಟ್ರಾಯರ್. ಆ ಇಕ್ಕಟ್ಟಿನ ನೀರು, ಮರಳದಿಬ್ಬ, ಉಬ್ಬರ ಇಳಿತ ಅವನಿಗೆ ಅಂಗೈಗೆರೆಯಷ್ಟು ಪರಿಚಯವಾಯಿತು.

1935ರಲ್ಲಿ ಹೋಂ ಫ್ಲೀಟ್, ಅಂದರೆ ಬ್ರಿಟನ್ ಸುತ್ತಲಿನ ಕಡಲು ಕಾಯುವ ನೌಕಾದಳದ ಮುಖ್ಯಸ್ಥ ಅಡ್ಮಿರಲ್ ಬ್ಯಾಕ್‌ಹೌಸ್ ಕೈಕೆಳಗೆ ಚೀಫ್ ಆಫ್ ಸ್ಟಾಫ್, ಅಂದರೆ ಅವನ ಮುಖ್ಯ ಸಹಾಯಕ ಅಧಿಕಾರಿ ಆದ. ಇಬ್ಬರೂ ಹಳೆಯ ಸ್ನೇಹಿತರೇ. ಆದರೆ ಬ್ಯಾಕ್‌ಹೌಸ್‌ಗೆ ಎಲ್ಲವನ್ನೂ ತಾನೇ ಮಾಡುವ ಅಭ್ಯಾಸ. ಸುಮ್ನೆ ಕುರ್ಚಿ ಬೆಚ್ಚಗೆ ಮಾಡಲಾರೆ ಅಂತ ರಾಮ್ಸೆ ಅದೇ ವರ್ಷ ತಾನೇ ಕೇಳಿಕೊಂಡು ಹೊರಬಂದ. ನಿನ್ನ ಕಥೆಯೇ, ಅಲ್ವಾ? 1938ರಲ್ಲಿ ಹೆಸರು ನಿವೃತ್ತರ ಪಟ್ಟಿಗೆ ಸೇರಿತು. ಮೂವತ್ತೇಳು ವರ್ಷ ದುಡಿದವನಿಗೆ ಆ ಮನೆವಾಸ ಎಷ್ಟು ಕಹಿಯಾಗಿತ್ತೋ, ನಿನ್ನನ್ನು ನೋಡಿದರೆ ಊಹಿಸಬಲ್ಲೆ.

ಯುದ್ಧ ಮತ್ತೆ ಬಂದಾಗ ಡೋವರ್‌ಗೇ ಕರೆದರು. ಹೆಸರು ನಿವೃತ್ತರ ಪಟ್ಟಿಯಲ್ಲೇ ಉಳಿಯಿತು. ಅವನು ಹೋದ.

1940ರ ಮೇ 26ರ ಸಂಜೆ, ಫ್ರಾನ್ಸಿನ ಡನ್‌ಕರ್ಕ್ ಬಂದರಿನಲ್ಲಿ ಜರ್ಮನ್ನರ ಮುತ್ತಿಗೆಗೆ ಸಿಕ್ಕಿಬಿದ್ದ ಸೈನಿಕರನ್ನು ಕರೆತರುವ ಆಜ್ಞೆ ಬಂತು. ಡೋವರ್ ಕೋಟೆಯ ಕೆಳಗೆ, ಬಿಳಿ ಸುಣ್ಣಕಲ್ಲಿನ ಬಂಡೆಯೊಳಗೆ ಕೊರೆದ ಸುರಂಗದಲ್ಲಿ ಅವನ ಕೋಣೆ. ಎರಡು ದಿನದಲ್ಲಿ 45 ಸಾವಿರ ಜನ ಸಿಕ್ಕರೆ ಪುಣ್ಯ ಅನ್ನುವ ಅಂದಾಜಿತ್ತು. ಹತ್ತಿರದ ದಾರಿ 39 ನಾಟಿಕಲ್ ಮೈಲಿ, ಆದರೆ ಫ್ರಾನ್ಸಿನ ಕ್ಯಾಲೆ ಕಡೆಯ ಜರ್ಮನ್ ತೋಪುಗಳ ಬಾಯಿಗೆ ಸಿಗುತ್ತಿತ್ತು. ಇನ್ನೊಂದು 87 ಮೈಲಿಯ ಸುತ್ತು. ನೀರಿನಲ್ಲಿ ಹುದುಗಿಸಿದ್ದ ಮೈನು, ಅಂದರೆ ಸಿಡಿಗುಂಡುಗಳನ್ನು ತೆಗೆಸಿ, ನಡುವೆ 55 ಮೈಲಿಯ ಮೂರನೇ ದಾರಿ ಮಾಡಿಸಿದ.

ಸಣ್ಣ ದೋಣಿಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅವರ ಧೈರ್ಯ ದೊಡ್ಡದೇ. ಆದರೆ ಜಾಸ್ತಿ ಜನ ಬಂದದ್ದು ಬಂದರಿನಿಂದ, ಅದರಲ್ಲೂ ಅಲೆ ತಡೆಯುವ ಗೋಡೆಯ ಮೇಲಿನ ಮರದ ದಾರಿಯಿಂದ. ನಾಲ್ಕು ಜನ ಪಕ್ಕ ಪಕ್ಕ ನಡೆದರೆ ಮುಗಿಯಿತು, ಅಷ್ಟೇ ಅಗಲ. ಹಡಗು ಕಟ್ಟಲು ಮಾಡಿದ್ದೇ ಅಲ್ಲ ಅದು. ನೀರು ಇಳಿದಾಗ ಹಡಗಿನ ಅಟ್ಟ ತೀರಾ ಕೆಳಗೆ ಹೋಗುತ್ತಿತ್ತು. ದಣಿದ ಹುಡುಗರು ಕತ್ತಲಲ್ಲಿ ತಡವರಿಸಿ ಇಳಿಯಬೇಕು. ಅಲ್ಲಿ ನಿಂತು ನಡೆಸಿದವನು ಕ್ಯಾಪ್ಟನ್ ಟೆನಂಟ್. ಜೂನ್ 4ಕ್ಕೆ ಮುಗಿದಾಗ ಲೆಕ್ಕ 3,38,226.

ಅಷ್ಟಾದ ಮೇಲೂ ಅವನು ನಿವೃತ್ತರ ಪಟ್ಟಿಯಲ್ಲೇ ಇದ್ದ! ಸಿಸಿಲಿಯಲ್ಲಿ ಸೇನೆ ಇಳಿಸಿದ್ದೂ ಹಾಗೆಯೇ. ಸಕ್ರಿಯ ಪಟ್ಟಿಗೆ ಹೆಸರು ವಾಪಸ್ ಬಂದದ್ದು 1944ರ ಏಪ್ರಿಲ್‌ನಲ್ಲಿ. ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಸೇನೆ ಇಳಿಸಲು ಸುಮಾರು 7 ಸಾವಿರ ಹಡಗು ದೋಣಿಗಳನ್ನು ನಡೆಸಿದ. 1945ರ ಜನವರಿ 2ರಂದು ಪ್ಯಾರಿಸ್ ಹತ್ತಿರ ವಿಮಾನ ಬಿದ್ದು ತೀರಿಕೊಂಡ. ಯುದ್ಧ ಮುಗಿದದ್ದನ್ನು ನೋಡಲಿಲ್ಲ.

ಕಿಟ್ಟು, ನೀನು ಬಿಟ್ಟು ಬಂದದ್ದು ತಪ್ಪಲ್ಲ. ನಾನೂ ಒಮ್ಮೆ ಬಿಟ್ಟು ಬಂದಿದ್ದೆ. ಆಮೇಲೆ ಬಂದ ಕರೆಯನ್ನು ಹುದ್ದೆ ಸಣ್ಣದು ಅಂತ ಬೇಡ ಅಂದೆ. ಅದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನಿನ್ನನ್ನು ಕರೆದವರಿಗೆ ನಿನ್ನ ಕೈಯ ಕೆಲಸ ಗೊತ್ತು. ಶುಕ್ರವಾರದೊಳಗೆ ಉತ್ತರ ಕೊಡಬೇಕಂತೆ. ಅದಕ್ಕೆ ಮೊದಲು ಒಂದು ರಾತ್ರಿ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ,
ದೊಡ್ಡಮಾವ