ಗೆಳೆಯನಿಗೊಂದು ಪತ್ರ: ಗ್ರೀಕ್ ಪುರಾಣಕ್ಕೆ ಕೈ ಹಾಕುವ ಮುಂಚೆ

ಪ್ರಿಯ ಗೆಳೆಯಾ,

ಗ್ರೀಕ್ ಪುರಾಣ ಓದಬೇಕೆನಿಸಿದೆ, ಯಾವ ಪುಸ್ತಕದಿಂದ ಶುರು ಮಾಡಲಿ ಎಂದು ಕೇಳಿದ್ದೀಯ. ಪುಸ್ತಕದ ಮಾತು ಆಮೇಲೆ. ಮೊದಲು ಇನ್ನೂರು ಪುಟದ ಒಂದು ನೋಟ್‌ಬುಕ್ ತಗೋ. ಪುಟಕ್ಕೊಂದು ಹೆಸರು. ಅದರ ಕೆಳಗೆ ನಾಲ್ಕು ಪ್ರಶ್ನೆ: ಈ ಹೆಸರು ಇವತ್ತು ನನಗೆ ಎಲ್ಲಿ ಸಿಕ್ಕಿತು? ಈ ಕಥೆ ಹೇಳಿದವರಲ್ಲಿ ನಮಗೆ ಉಳಿದಿರುವ ಅತಿ ಹಳೆಯ ಕವಿ ಯಾರು? ಆಮೇಲೆ ಯಾರು ಏನು ಬದಲಿಸಿದರು? ನಾನು ಕೇಳಿದ್ದು ಇವರಲ್ಲಿ ಯಾರ ಕಥೆ? ಮೂರನೆಯ ಪ್ರಶ್ನೆಗೆ ಜಾಗ ಜಾಸ್ತಿ ಬಿಡು.

ಇಷ್ಟೊಂದು ಕಟ್ಟುನಿಟ್ಟು ಯಾಕೆಂದರೆ, ಗ್ರೀಕರಿಗೆ ಇದೇ ಪ್ರಮಾಣ ಎನ್ನುವಂಥ ಒಂದು ಪುರಾಣಗ್ರಂಥ ಇರಲೇ ಇಲ್ಲ. ಅತಿ ಹಳೆಯ ಗ್ರೀಕ್ ಕವಿಗಳಾದ ಹೋಮರ್, ಹೆಸಿಯಡ್ ಕಾಲದಿಂದ ಕ್ರಿ.ಶ. 8ರ ಸುಮಾರಿಗೆ ಮೆಟಮಾರ್ಫಸೀಸ್ ಎಂಬ ತನ್ನ ಹದಿನೈದು ಸರ್ಗಗಳ ಕಾವ್ಯ ಮುಗಿಸಿದ ರೋಮಿನ ಓವಿಡ್‌ವರೆಗೆ ಏಳುನೂರು ವರ್ಷದ ಅಂತರವಿದೆ. ಈಗಿನ ಕಥಾಸಂಗ್ರಹಗಳು ಇದನ್ನೆಲ್ಲ ಒಟ್ಟಿಗೆ ರುಬ್ಬಿ ಒಂದೇ ಕಥೆ ಮಾಡಿ ಬಡಿಸುತ್ತವೆ. ರುಚಿ ಬರುತ್ತದೆ, ಆದರೆ ಯಾವುದರಲ್ಲಿ ಯಾವುದು ಬೆರೆತಿದೆ ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಸಂಗ್ರಹದಿಂದ ಶುರು ಮಾಡಬೇಡ ಎನ್ನುವುದು.

ಟ್ರಾಯ್ ಯುದ್ಧದ ಗ್ರೀಕ್ ವೀರ ಅಕಿಲೀಸನ ಹಿಮ್ಮಡಿಯನ್ನೇ ನೋಡು. ತಾಯಿ ಥೆಟಿಸ್ ಮಗುವನ್ನು ಪಾತಾಳದ ಸ್ಟಿಕ್ಸ್ ನದಿಯಲ್ಲಿ ಅದ್ದಿದಳು, ಹಿಡಿದುಕೊಂಡಿದ್ದ ಹಿಮ್ಮಡಿ ಮಾತ್ರ ನೆನೆಯಲಿಲ್ಲ ಎಂಬ ಕಥೆ ಎಲ್ಲರಿಗೂ ಗೊತ್ತು. ಇಲಿಯಡ್, ಒಡಿಸ್ಸಿಗಳ ಕವಿ ಹೋಮರನಲ್ಲಿ ಅದು ಇಲ್ಲ. ಅದು ಸಿಗುವುದು ಕ್ರಿ.ಶ. ಒಂದನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಇಲಿಯಡ್‌ನ 21ನೇ ಸರ್ಗದಲ್ಲಿ ಆಸ್ಟೆರೋಪಿಯಸ್ ಎಸೆದ ಈಟಿ ಅಕಿಲೀಸನ ಮೊಣಕೈ ಸವರಿಕೊಂಡು ಹೋಗುತ್ತದೆ, ರಕ್ತ ಚಿಮ್ಮುತ್ತದೆ. ಅಂದರೆ ಹೋಮರನ ಅಕಿಲೀಸ್ ಎಲ್ಲರಂತೆ ಗಾಯವಾಗುವ ಮನುಷ್ಯ. ಇದೊಂದನ್ನು ಗಮನಿಸಿದರೆ ಅವನು ಯುದ್ಧಕ್ಕೆ ಇಳಿಯುವ ದೃಶ್ಯಗಳ ತೂಕವೇ ಬೇರೆಯಾಗುತ್ತದೆ. ಟ್ರಾಯ್ ಊರನ್ನು ಬೀಳಿಸಿದ ಮರದ ಕುದುರೆಯೂ ಇಲಿಯಡ್‌ನಲ್ಲಿಲ್ಲ. ಆ ಕಾವ್ಯ ಟ್ರಾಯ್ ಕಡೆಯ ವೀರ ಹೆಕ್ಟರನ ಅಂತ್ಯಸಂಸ್ಕಾರಕ್ಕೇ ಮುಗಿಯುತ್ತದೆ. ಕುದುರೆಯ ಪ್ರಸ್ತಾಪ ಒಡಿಸ್ಸಿಯ 8ನೇ ಸರ್ಗದಲ್ಲಿ ಚಿಕ್ಕದಾಗಿ ಬರುತ್ತದೆ. ವಿವರವಾಗಿ ಬೇಕೆಂದರೆ ರೋಮನ್ ಕವಿ ವರ್ಜಿಲನ ಈನೀಡ್‌ನ 2ನೇ ಸರ್ಗ ತೆಗೆಯಬೇಕು.

ಲೋಕದ ಕಷ್ಟಗಳನ್ನೆಲ್ಲ ಹೊರಬಿಟ್ಟ ಪಂಡೋರಾಳ ಪೆಟ್ಟಿಗೆಯ ಕಥೆಯೂ ಹೀಗೆಯೇ. ಹೆಸಿಯಡ್ ಹೇಳಿದ್ದು ಕಾಳು, ಎಣ್ಣೆ, ದ್ರಾಕ್ಷಾರಸ ತುಂಬಿಡುವ ದೊಡ್ಡ ಮಣ್ಣಿನ ಗುಡಾಣ. ಅದು ಪೆಟ್ಟಿಗೆಯಾದದ್ದು 16ನೇ ಶತಮಾನದಲ್ಲಿ ಎರಾಸ್ಮಸ್ ಎಂಬ ವಿದ್ವಾಂಸ ಆ ಕಥೆಯನ್ನು ಲ್ಯಾಟಿನ್‌ನಲ್ಲಿ ಹೇಳಿದ ಮೇಲೆ. ಗುಡಾಣ ಎಂದು ತಿಳಿದ ಮೇಲೆ ಆ ಭಾಗ ಮತ್ತೊಮ್ಮೆ ಓದು. ವರ್ಷದ ಅನ್ನ ಇರಬೇಕಾದ ಪಾತ್ರೆಯಿಂದ ರೋಗ, ದುಡಿಮೆಯ ಕಷ್ಟ ಎಲ್ಲ ಹೊರಬರುತ್ತವೆ, ಭರವಸೆಯೊಂದು ಅಂಚಿನ ಕೆಳಗೆ ಒಳಗೇ ಉಳಿಯುತ್ತದೆ. ಬೇಸಾಯಗಾರನಿಗೆ ಹೇಳಿದ ಕಾವ್ಯದಲ್ಲಿ ಈ ಚಿತ್ರಕ್ಕೆ ಇರುವ ಬಲ ಪೆಟ್ಟಿಗೆಗೆ ಎಲ್ಲಿಂದ ಬರಬೇಕು?

ಇನ್ನು ನಿತ್ಯಜೀವನದ ವಿಷಯ. ಹೆಚ್ಚಿನವರು ಶೂ ಕಂಪನಿಯ ಹೆಸರು, ಗ್ರಹಗಳ ಹೆಸರು ಹೇಳಿ ಸುಮ್ಮನಾಗುತ್ತಾರೆ. ಹೆಸರಿಟ್ಟವನು ಕಥೆಯ ಯಾವ ತುಣುಕನ್ನು ಎತ್ತಿಕೊಂಡ ಎಂದು ಹುಡುಕು, ರಸ ಇರುವುದು ಅಲ್ಲಿ.

ನಿನ್ನ ಮೊಬೈಲಿನ ಒಳಗೆ ಟ್ಯಾಂಟಲಮ್ ಎಂಬ ಲೋಹದ ಕೆಪಾಸಿಟರ್‌ಗಳಿರುತ್ತವೆ. 1802ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಎಕೆಬರ್ಗ್ ಅದಕ್ಕೆ ಟ್ಯಾಂಟಲಸನ ಹೆಸರಿಟ್ಟ. ಒಡಿಸ್ಸಿಯ 11ನೇ ಸರ್ಗದಲ್ಲಿ ಟ್ಯಾಂಟಲಸ್ ಗಲ್ಲದವರೆಗೆ ನೀರಿನಲ್ಲಿ ನಿಂತಿದ್ದಾನೆ. ಕುಡಿಯಲು ಬಗ್ಗಿದರೆ ನೀರು ಇಂಗಿಹೋಗುತ್ತದೆ. ಈ ಲೋಹದ ಆಕ್ಸೈಡನ್ನು ಎಷ್ಟೇ ಆಮ್ಲದಲ್ಲಿ ಮುಳುಗಿಸಿದರೂ ಅದು ಆಮ್ಲವನ್ನು ಹೀರಿಕೊಳ್ಳುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಅದೇ ಅದಿರಿನಲ್ಲಿ ಬೆರೆತಿದ್ದು ಬೇರ್ಪಡಿಸಲು ಕಷ್ಟವಾದ ಇನ್ನೊಂದು ಧಾತುವಿಗೆ 1844ರಲ್ಲಿ ಹೈನ್ರಿಕ್ ರೋಸ್ ಟ್ಯಾಂಟಲಸನ ಮಗಳು ನಯೋಬಿಯ ಹೆಸರಿಟ್ಟು ನಯೋಬಿಯಮ್ ಎಂದ. ಕಥೆಯ ವಂಶಾವಳಿ ರಸಾಯನಶಾಸ್ತ್ರದಲ್ಲೂ ಹಾಗೇ ಕೂತಿತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟುವುದು ಅಟ್ರೋಪಿನ್ ಎಂಬ ಔಷಧದ ಹೆಸರು. ವಿಧಿಯ ದೇವತೆಯರು ಮೂವರು: ಕ್ಲೋಥೋ ಆಯುಷ್ಯದ ನೂಲು ನೂಲುತ್ತಾಳೆ, ಲ್ಯಾಕೆಸಿಸ್ ಅಳೆಯುತ್ತಾಳೆ, ಅಟ್ರೋಪಾಸ್ ಕತ್ತರಿಸುತ್ತಾಳೆ. ಪ್ರಾಣ ತೆಗೆಯುವ ಒಂದು ವಿಷಗಿಡದ ಕುಲಕ್ಕೆ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಮೂರನೆಯವಳ ಹೆಸರಿಟ್ಟ. ಆ ಗಿಡದಿಂದ ತೆಗೆದ ಔಷಧ ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿದೆ. ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೇರಿ ಬಂದ ರೈತನ ಬಾಯಲ್ಲಿ ಜೊಲ್ಲು ಸುರಿಯುತ್ತಿರುತ್ತದೆ, ಎದೆಯಲ್ಲಿ ನೀರು ತುಂಬಿ ಗೊರಗೊರ ಎನ್ನುತ್ತಿರುತ್ತದೆ, ನಾಡಿ ಕುಸಿಯುತ್ತಿರುತ್ತದೆ. ಡಾಕ್ಟರು ಮೊದಲು ಕೇಳುವ ಇಂಜೆಕ್ಷನ್‌ಗಳಲ್ಲಿ ಅಟ್ರೋಪಿನ್ ಒಂದು. ಅದು ಶ್ವಾಸಕೋಶದ ಸ್ರಾವವನ್ನು ಒಣಗಿಸಿ ನಾಡಿ ಏರಿಸುತ್ತದೆ. ನೂಲು ಕತ್ತರಿಸುವವಳ ಹೆಸರಿನ ಮದ್ದು ಇಲ್ಲಿ ನೂಲನ್ನು ಹಿಡಿದಿಡುತ್ತಿದೆ. ಈ ಪುಟ ಬರೆಯುವಾಗ ಇನ್ನೊಂದನ್ನೂ ಗುರುತು ಹಾಕಿಕೋ: ಹೆಸಿಯಡ್ ದೇವರುಗಳ ಹುಟ್ಟಿನ ಕಥೆ ಹೇಳುವ ತನ್ನ ಥಿಯಾಗನಿ ಕಾವ್ಯದಲ್ಲಿ ಈ ಮೂವರನ್ನು ಒಂದು ಕಡೆ ರಾತ್ರಿಯ ಮಕ್ಕಳು ಎನ್ನುತ್ತಾನೆ, ಮತ್ತೊಂದು ಕಡೆ ದೇವರುಗಳ ದೊರೆ ಜ್ಯೂಸ್ ಮತ್ತು ಥೆಮಿಸ್‌ರ ಮಕ್ಕಳು ಎನ್ನುತ್ತಾನೆ. ಒಬ್ಬನೇ ಕವಿ, ಒಂದೇ ಕಾವ್ಯ. ಇಂಥದ್ದು ಸಿಕ್ಕಾಗ ಒಂದನ್ನು ಹೊಡೆದುಹಾಕಬೇಡ, ಎರಡನ್ನೂ ಬರೆದುಕೋ.

ನಿನ್ನ ಆಫೀಸಿನ ಕಂಪ್ಯೂಟರಿಗೂ ಒಂದು ಪುಟ ಬೇಕು. ವಿಂಡೋಸ್ ಡೊಮೇನಿಗೆ ಲಾಗಿನ್ ಆಗುವಾಗ ಕೆಲಸ ಮಾಡುವುದು ಗುರುತು ಪರೀಕ್ಷಿಸುವ ಕೆರ್ಬೆರಾಸ್ ಎಂಬ ಪ್ರೋಟೋಕಾಲ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಅಥೀನಾ ಯೋಜನೆಯಲ್ಲಿ ಹುಟ್ಟಿದ್ದು. ಹೆಸರು ಪಾತಾಳದ ಬಾಗಿಲು ಕಾಯುವ ನಾಯಿಯದು. ಅದರ ಮೂರು ತಲೆ ಎಂದರೆ ಇಲ್ಲಿ ಬಳಕೆದಾರ, ಸರ್ವರ್, ಇಬ್ಬರೂ ನಂಬುವ ಟಿಕೆಟ್ ಕೊಡುವ ಕೇಂದ್ರ. ಪಾಸ್‌ವರ್ಡ್ ನೆಟ್‌ವರ್ಕಿನಲ್ಲಿ ಓಡಾಡುವುದಿಲ್ಲ, ಟಿಕೆಟ್ ಓಡಾಡುತ್ತದೆ. ನಿನ್ನ ಕಂಪ್ಯೂಟರಿನ ಗಡಿಯಾರ ಸರ್ವರಿಗಿಂತ ಐದು ನಿಮಿಷಕ್ಕಿಂತ ಹೆಚ್ಚು ಹಿಂದೆ ಮುಂದೆ ಇದ್ದರೆ ಸಾಮಾನ್ಯವಾಗಿ ಲಾಗಿನ್ ಆಗುವುದೇ ಇಲ್ಲ, ಯಾಕೆಂದರೆ ಟಿಕೆಟ್ಟಿನ ಮೇಲೆ ಹೊತ್ತು ಬರೆದಿರುತ್ತದೆ. ಮೂರು ತಲೆಯೂ ಎಲ್ಲರ ಲೆಕ್ಕವಲ್ಲ. ಹೆಸಿಯಡ್ ಈ ನಾಯಿಗೆ ಐವತ್ತು ತಲೆ ಕೊಟ್ಟಿದ್ದಾನೆ.

ಹಾಗೆಂದು ಕಂಡಲ್ಲೆಲ್ಲ ಪುರಾಣ ಹುಡುಕಲು ಹೋಗಬೇಡ. ಪೈಥಾನ್ ಭಾಷೆಯ ಹೆಸರು ಅಪೊಲೊ ಕೊಂದ ಹಾವಿನದಲ್ಲ, ಬ್ರಿಟನ್ನಿನ ಒಂದು ಹಾಸ್ಯ ತಂಡದ್ದು. ಅಮೆಜಾನ್ ಕಂಪನಿ ಹೆಸರು ಪಡೆದದ್ದು ನದಿಯಿಂದ, ನದಿ ಪಡೆದದ್ದು ಗ್ರೀಕ್ ಕಥೆಯ ಯೋಧೆಯರಿಂದ. ನಡುವಿನ ಮೆಟ್ಟಿಲು ಬಿಟ್ಟು ಬರೆದರೆ ನಿನ್ನ ಪುಟಕ್ಕೆ ಬೆಲೆ ಇಲ್ಲ.

ನಮ್ಮವರು ಹೆಚ್ಚಾಗಿ ಜಾರುವ ಜಾಗ ಬೇರೆಯೇ. ಜ್ಯೂಸ್ ಅಂದರೆ ಇಂದ್ರ, ಹೇಡೀಸ್ ಅಂದರೆ ಯಮ ಎಂದು ಪಟ್ಟಿ ಮಾಡಿಬಿಡುತ್ತೇವೆ. ಜ್ಯೂಸ್ ಎಂಬ ಹೆಸರಿಗೆ ನಂಟಿರುವುದು ವೇದದ ಆಕಾಶದೇವತೆ ದ್ಯೌಸ್ ಜೊತೆ, ಸಿಡಿಲು ಹಿಡಿದ ಇಂದ್ರನ ಜೊತೆ ಅಲ್ಲ. ಹೇಡೀಸ್ ಪಾತಾಳದ ದೊರೆ. ಸಾವಿನ ದೇವತೆ ಥಾನಟಾಸ್ ಬೇರೆ, ಸತ್ತವರ ನ್ಯಾಯ ನೋಡುವ ಮಿನೋಸ್, ರಾಡಮಾಂಥಸ್ ಬೇರೆ. ನಮ್ಮ ಯಮಧರ್ಮರಾಯನ ಕೆಲಸ ಅಲ್ಲಿ ಮೂರು ಕಡೆ ಹಂಚಿಹೋಗಿದೆ. ಹೋಲಿಸಲೇಬೇಕೆಂದರೆ ಬಿಎಂಶ್ರೀ ಹೋಲಿಸಿದ ಹಾಗೆ ಹೋಲಿಸು. ಗ್ರೀಕ್ ನಾಟಕಕಾರ ಸೊಫೊಕ್ಲೀಸ್ ಟ್ರಾಯ್ ಯುದ್ಧದ ವೀರ ಅಯಾಸನ ಬಗ್ಗೆ ಬರೆದ ನಾಟಕವನ್ನು ಅವರು ಅಶ್ವತ್ಥಾಮನಿಗೆ ಹೊಂದಿಸಿದ್ದು ಹೆಸರಿಗೆ ಹೆಸರು ಜೋಡಿಸಿ ಅಲ್ಲ. ಮಾನ ಕಳೆದುಕೊಂಡ ವೀರನ ಸಂಕಟಕ್ಕೆ ಸಂಕಟ ಜೋಡಿಸಿ. ಕನ್ನಡದಲ್ಲಿ ಗ್ರೀಕ್ ಓದಿಗೆ ಅದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಂಡಿಲ್ಲ.

ನಮ್ಮ ಪಂಚಾಂಗದ ಹನ್ನೆರಡು ರಾಶಿಗಳಿಗೆ ಮಾತ್ರ ನಿಜವಾದ ಕೊಡುಕೊಳ್ಳುವಿಕೆ ಇದೆ. ಬ್ಯಾಬಿಲೋನಿನಲ್ಲಿ ಹುಟ್ಟಿದ ಆ ಪದ್ಧತಿ ಗ್ರೀಕರ ಮೂಲಕ ನಮ್ಮಲ್ಲಿಗೆ ಬಂತು. ಬೇಟೆಗಾರ ಒರೈಯನ್‌ನನ್ನು ಚೇಳು ಕೊಂದಿತೆಂಬ ಕಥೆ ಆಕಾಶದಲ್ಲೇ ಇದೆ: ವೃಶ್ಚಿಕದ ಜ್ಯೇಷ್ಠಾ ಆಗ್ನೇಯದಲ್ಲಿ ಏಳುವ ಹೊತ್ತಿಗೆ ಒರೈಯನ್‌ನ ಆರ್ದ್ರಾ ಪಶ್ಚಿಮದಲ್ಲಿ ಮುಳುಗುವ ಹಂತದಲ್ಲಿರುತ್ತದೆ.

ಈಗ ಪುಸ್ತಕ. ಬೆಳೆಯ ದೇವತೆ ಡಿಮೀಟರಳ ಸ್ತೋತ್ರ ಮೊದಲು: 495 ಸಾಲು, ಒಂದು ಸಂಜೆ ಸಾಕು. ಮಗಳನ್ನು ಕಳೆದುಕೊಂಡ ತಾಯಿಯ ಕೋಪಕ್ಕೆ ಭೂಮಿ ಬೆಳೆ ನಿಲ್ಲಿಸುವ ಕಥೆ. ಆಮೇಲೆ ಹೆಸಿಯಡ್‌ನ ಥಿಯಾಗನಿ, 1022 ಸಾಲು, ಎರಡು ಸಲ ಕೂತರೆ ಮುಗಿಯುತ್ತದೆ. ವಂಶಾವಳಿಯನ್ನು ಬಾಯಿಪಾಠ ಮಾಡಬೇಡ, ಕಾಗದದ ಮೇಲೆ ಮರ ಬರೆದುಕೋ. ಮೂರನೆಯದು ಒಡಿಸ್ಸಿಯ 9ರಿಂದ 12ನೇ ಸರ್ಗ, ರುಚಿ ಹತ್ತಿದರೆ ಪೂರ್ತಿ ಓದು. ಇಲಿಯಡ್‌ನಲ್ಲಿ 1, 6, 9, 16, 22, 24 ಮೊದಲು. ಓವಿಡ್ ಕೊನೆಗೆ. ಅವನು ಸೊಗಸುಗಾರ, ಮೊದಲೇ ಓದಿದರೆ ಅವನು ಹೇಳಿದ್ದೇ ಮೂಲ ಎನಿಸಿಬಿಡುತ್ತದೆ. ಮೆಡೂಸಾ ಸುಂದರಿಯಾಗಿದ್ದಳು, ಶಾಪದಿಂದ ಕೂದಲು ಹಾವಾಯಿತು ಎನ್ನುವುದು ಓವಿಡ್‌ನ ಕಥೆ. ಹೆಸಿಯಡ್‌ನಲ್ಲಿ ಅವಳು ಗಾರ್ಗನ್ ಎಂಬ ರಾಕ್ಷಸಿಯಾಗಿಯೇ ಹುಟ್ಟಿದವಳು. ಓವಿಡ್‌ನಲ್ಲಿ ಹೆಸರುಗಳೂ ರೋಮನ್, ಆದರೆ ಹೆಸರಿನ ಜೊತೆ ಗುಣವೂ ಬದಲಾಗಿರುತ್ತದೆ. ಇಲಿಯಡ್‌ನಲ್ಲಿ ಯುದ್ಧದೇವತೆ ಏರೀಸ್‌ನನ್ನು ಕಂಡರೆ ಅಪ್ಪ ಜ್ಯೂಸ್‌ಗೇ ಆಗದು, ರೋಮನರಿಗೆ ಅವನೇ ಮಾರ್ಸ್, ಪೂಜ್ಯ ಮೂಲಪುರುಷ. ಅಪೊಲೊಡೋರಸನ ಹೆಸರಿನಲ್ಲಿರುವ ಹಳೆಯ ಪುರಾಣ ಕೈಪಿಡಿಯನ್ನು ನಿಘಂಟಿನಂತೆ ಪಕ್ಕದಲ್ಲಿಟ್ಟುಕೋ, ಓದುತ್ತಾ ಹೋಗಬೇಡ. ಮೂಲಗಳು ಬಹುಪಾಲು ಇಂಗ್ಲಿಷ್ ಅನುವಾದದೊಂದಿಗೆ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಲೈಬ್ರರಿಯಲ್ಲಿ ಉಚಿತವಾಗಿ ಸಿಗುತ್ತವೆ. ಸಾಲಿನ ಸಂಖ್ಯೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮತ್ತೆ ಹುಡುಕುವ ಪಾಡಿಲ್ಲ.

ಮೊದಲ ಪುಟ ಆಸ್ಪತ್ರೆಯ ಬೋರ್ಡಿನಿಂದಲೇ ಆಗಲಿ. ಕೋಲಿಗೆ ಒಂದೇ ಹಾವು ಸುತ್ತಿದ್ದರೆ ಅದು ವೈದ್ಯದೇವತೆ ಆಸ್ಕ್ಲೀಪಿಯಸನದು, ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲಿರುವುದು ಇದೇ. ಎರಡು ಹಾವು, ಮೇಲೆ ರೆಕ್ಕೆ ಇದ್ದರೆ ಅದು ಹರ್ಮೀಸನ ದಂಡ. ಅವನು ವ್ಯಾಪಾರಿಗಳ ದೇವತೆ, ಸತ್ತವರನ್ನು ಪಾತಾಳಕ್ಕೆ ಕರೆದೊಯ್ಯುವವನೂ ಅವನೇ. 1902ರಲ್ಲಿ ಅಮೆರಿಕದ ಸೇನೆಯ ವೈದ್ಯಕೀಯ ದಳ ಈ ಎರಡನೆಯದನ್ನು ಚಿಹ್ನೆಯಾಗಿ ತೆಗೆದುಕೊಂಡಿತು, ಗೊಂದಲ ಹರಡಿದ್ದರಲ್ಲಿ ಅದರ ಪಾಲು ದೊಡ್ಡದು. ನಿಮ್ಮ ರಸ್ತೆಯ ಕ್ಲಿನಿಕ್ಕು, ಮೆಡಿಕಲ್ ಶಾಪು, ಡಾಕ್ಟರ ಕಾರಿನ ಸ್ಟಿಕ್ಕರು ಎಲ್ಲ ನೋಡಿ ಎಲ್ಲಿ ಒಂದು, ಎಲ್ಲಿ ಎರಡು ಎಂದು ಬರೆದು ಕಳಿಸು. ಒಡಿಸ್ಸಿಯ 24ನೇ ಸರ್ಗದ ಮೊದಲ ಹದಿನಾಲ್ಕು ಸಾಲನ್ನೂ ಅದೇ ದಿನ ಓದಿಕೋ, ಹರ್ಮೀಸ್ ಆ ಕೋಲನ್ನು ಯಾವುದಕ್ಕೆ ಬಳಸುತ್ತಾನೆ ಎಂದು ಅಲ್ಲಿದೆ.

ಇಂತಿ ನಿನ್ನ ಗೆಳೆಯ